ಮಾಮ, ಬಂಧು, ನೆರೆಯವ: ಅನ್ಯಲೋಕದ ಗೆಳೆಯನ ಕಥನವೂ ಮದರಾಸಿನ ಕನ್ನಡ ಚಿತ್ರಪುಟಗಳೂ

1

ಆಕಾಶದಿಂದ ಇಳಿದುಬಂದ ಜೀವಿಯೊಂದನ್ನು ಹದಿಹರೆಯದ ಹುಡುಗನೋ ಹುಡುಗಿಯೋ ಕಾಣುವುದು, ಹಿರಿಯರ ಕಣ್ಣಿಗೆ ಬೀಳದಂತೆ ಅದನ್ನು ಬಚ್ಚಿಡುವುದು, ಅದರ ಮಾತನ್ನು ತಿಳಿದುಕೊಳ್ಳುವುದು, ಕೊನೆಗೆ ಕಣ್ಣೀರಿನೊಡನೆ ಅದನ್ನು ಬೀಳ್ಕೊಡುವುದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಗತ್ತಿನ ಅನೇಕ ಭಾಷೆಗಳ ಚಿತ್ರಕಥೆಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ನೆಲೆನಿಂತ ಕಥಾಸಂರಚನೆ ಇದು. ಇದನ್ನು ಮಕ್ಕಳ ಮನರಂಜನೆಯೆಂದು ತಳ್ಳಿಹಾಕುವುದು ಸುಲಭ. ಆದರೆ 'ನಮ್ಮವರಲ್ಲದವರು' ಬಾಗಿಲಿಗೆ ಬಂದಾಗ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಒಂದು ಸಮಾಜವು ತನ್ನ ಎಳೆಯರಿಗೆ ಮೊದಲ ಬಾರಿಗೆ ಕೇಳುವುದು ಇಂಥ ಕಥೆಗಳ ಮೂಲಕವೇ. ಆದುದರಿಂದ ಈ ಸಂರಚನೆ ಎಲ್ಲಿ ಬೇರೂರಿತು, ಎಲ್ಲಿ ಬೇರೂರಲಿಲ್ಲ, ಏಕೆ ಎಂಬುದು ಸಾಹಿತ್ಯ ವಿಮರ್ಶೆಯ ಪ್ರಶ್ನೆಯೂ ಹೌದು, ಸಂಸ್ಕೃತಿ ವಿಮರ್ಶೆಯ ಪ್ರಶ್ನೆಯೂ ಹೌದು.

ಕನ್ನಡದ ಚಿತ್ರಕಥೆಗಳಲ್ಲಿ ಅನ್ಯಲೋಕದ ಗೆಳೆಯ ಒಂದು ಪರಂಪರೆಯಾಗಿ ಬೆಳೆಯಲಿಲ್ಲ. ಈ ಕೊರತೆಗೆ ವಿಜ್ಞಾನದ ಅರಿವು ಇಲ್ಲದಿದ್ದುದು ಕಾರಣವೆನ್ನುವಂತಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲಿಯೇ 'ಬಾಲಪ್ರಪಂಚ'ವನ್ನು ಒಂಟಿಯಾಗಿ ರಚಿಸಿ ಗ್ರಹತಾರೆಗಳನ್ನು ಮಕ್ಕಳ ಮುಂದೆ ಇಟ್ಟಿದ್ದರು. ಮುಂದೆ 'ವಿಜ್ಞಾನ ಪ್ರಪಂಚ'ದ ಸಂಪುಟಗಳು ಬಂದವು. ರಾಜಶೇಖರ ಭೂಸನೂರಮಠರಂತಹ ಲೇಖಕರು ವೈಜ್ಞಾನಿಕ ಕಥಾಸಾಹಿತ್ಯವನ್ನು ಶ್ರದ್ಧೆಯಿಂದ ಕಟ್ಟಿದರು. ಹೀಗಿದ್ದೂ ಚಿತ್ರಪುಟದಲ್ಲಿ ಕನ್ನಡದ ಹುಡುಗನ ಕೈಯನ್ನು ಹಿಡಿದ ಪರಗ್ರಹದ ಗೆಳೆಯನೊಬ್ಬ ನಮ್ಮ ಸಾಮೂಹಿಕ ನೆನಪಿನಲ್ಲಿ ಉಳಿದಿಲ್ಲ. ಆ ಜಾಗದಲ್ಲಿ ಯಾರಿದ್ದರು? ಈ ಪ್ರಶ್ನೆಗೆ ಉತ್ತರವನ್ನು ಬೆಂಗಳೂರಿನಲ್ಲಾಗಲಿ ಧಾರವಾಡದಲ್ಲಾಗಲಿ ಹುಡುಕುವುದಕ್ಕಿಂತ ಮದರಾಸಿನಲ್ಲಿ, ಅಂದರೆ 1996ರಿಂದ ಅಧಿಕೃತವಾಗಿ ಚೆನ್ನೈ ಎನಿಸಿಕೊಂಡ ನಗರದಲ್ಲಿ, ಹುಡುಕಬೇಕಾಗಿದೆ. ಏಕೆಂದರೆ ಕನ್ನಡದ ಎರಡು ಮೂರು ತಲೆಮಾರುಗಳ ಬಾಲ್ಯದ ಚಿತ್ರಲೋಕ ಸಿದ್ಧವಾದುದು ಆ ನಗರದ ವಡಪಳನಿಯಲ್ಲಿ.

ಪ್ರಸ್ತುತ ಲೇಖನದಲ್ಲಿ ಮೂರು ಶಬ್ದಗಳನ್ನು ಹಿಡಿದು ಈ ವಿಷಯವನ್ನು ಪರಿಶೀಲಿಸಲಾಗಿದೆ: ಮದರಾಸಿನ ಪತ್ರಿಕೆಯ ಹೆಸರಿನಲ್ಲಿರುವ 'ಮಾಮ', ಬಂಗಾಳಿ ಕಥೆಯೊಂದರ ಹೆಸರಿನಲ್ಲಿರುವ 'ಬಂಧು', ಈಚಿನ ತಮಿಳು ಚಿತ್ರವೊಂದರ ಹೆಸರಾದ 'ಅಯಲಾನ್'.

2

'ಚಂದಮಾಮ' 1947ರ ಜುಲೈಯಲ್ಲಿ ಮದರಾಸಿನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾಯಿತು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅದರ ಸ್ಥಾಪಕರು. 1949ರ ಹೊತ್ತಿಗೆ ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಅದು ಹೊರಬರುತ್ತಿತ್ತು. ಮುಂದೆ ಹತ್ತಕ್ಕೂ ಹೆಚ್ಚು ಭಾಷೆಗಳಿಗೆ ವಿಸ್ತರಿಸಿತು. ತೆಲುಗಿನ ಪ್ರಸಿದ್ಧ ಲೇಖಕ ಕೊಡವಟಿಗಂಟಿ ಕುಟುಂಬರಾವ್ 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ಅದರ ಸಂಪಾದಕೀಯ ಹೊಣೆ ಹೊತ್ತಿದ್ದರು. ಮಹಾಭಾರತದ ಪ್ರಸಂಗಗಳನ್ನು ಮುಖಪುಟದಲ್ಲಿ ವರ್ಣಚಿತ್ರಗಳಾಗಿಸಿ ಹೆಸರಾದ ಎಂ.ಟಿ.ವಿ. ಆಚಾರ್ಯರು ಕನ್ನಡಿಗರು. ವಿಕ್ರಮ ಮತ್ತು ಬೇತಾಳನ ಚಿತ್ರದಿಂದ ದೇಶದ ಮಕ್ಕಳಿಗೆಲ್ಲ ಪರಿಚಿತರಾದ 'ಶಂಕರ್', ಎಂದರೆ ಕೆ.ಸಿ. ಶಿವಶಂಕರನ್ (1924–2020), ತಮಿಳರು. ದಾಸರಿ ಸುಬ್ರಹ್ಮಣ್ಯಂ ಅವರ ಸಾಹಸ ಧಾರಾವಾಹಿಗಳು ತೆಲುಗಿನಲ್ಲಿ ಹುಟ್ಟಿ ಉಳಿದ ಭಾಷೆಗಳಿಗೆ ಹೋದವು.

ಕಟ್ಟುನಿಟ್ಟಾದ ಅರ್ಥದಲ್ಲಿ 'ಚಂದಮಾಮ' ಕಾಮಿಕ್ಸ್ ಅಲ್ಲ. ಚೌಕಟ್ಟುಗಳ ಸಾಲು, ಮಾತಿನ ಗುಳ್ಳೆ ಇವು ಅದರ ಮುಖ್ಯ ರೂಪವಾಗಿರಲಿಲ್ಲ. ಪುಟದ ಒಂದು ಭಾಗವನ್ನು ಚಿತ್ರ ಆಕ್ರಮಿಸಿ, ಉಳಿದುದರಲ್ಲಿ ಕಥೆ ಹರಿಯುತ್ತಿತ್ತು. ಆದರೆ ಓದು ಬಾರದ ಮಗುವೂ ಪುಟಗಳನ್ನು ತಿರುವಿ ಕಥೆಯನ್ನು ಊಹಿಸಬಲ್ಲಷ್ಟು ಚಿತ್ರವೇ ಅಲ್ಲಿ ಪ್ರಧಾನವಾಗಿತ್ತು. ಆದುದರಿಂದ ಚಿತ್ರಕಥೆಯ ಚರ್ಚೆಯಲ್ಲಿ ಅದನ್ನು ಹೊರಗಿಡುವುದು ಸರಿಯಲ್ಲ.

ಈ ಪತ್ರಿಕೆಯ ಹೆಸರನ್ನೇ ಮೊದಲು ಗಮನಿಸಬೇಕು. ಆಕಾಶಕಾಯವೊಂದು ಇಲ್ಲಿ ಸೋದರಮಾವ. ತಮಿಳಿನಲ್ಲಿ ಅದು 'ಅಂಬುಲಿಮಾಮ', ಮಲೆಯಾಳದಲ್ಲಿ 'ಅಂಬಿಳಿ ಅಮ್ಮಾವನ್', ಒಡಿಯಾದಲ್ಲಿ 'ಜಹ್ನಮಾಮು'. ಭಾಷೆ ಬದಲಾದರೂ ನಂಟು ಬದಲಾಗಿಲ್ಲ. ತಾಯಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ತುತ್ತು ನೀಡುವಾಗ ತೋರಿಸುವ ಚಂದ್ರ ತವರಿನ ಕಡೆಯವನು. ದಕ್ಷಿಣದ ಬಂಧುತ್ವ ವ್ಯವಸ್ಥೆಯಲ್ಲಿ ಸೋದರಮಾವನಿಗೆ ಇರುವ ಸ್ಥಾನವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಅಧಿಕಾರವಿಲ್ಲದ ಪ್ರೀತಿ, ಕೇಳಿದ್ದನ್ನು ಕೊಡುವ ಸಲಿಗೆ ಅವನದು. ಕನ್ನಡದ ಮಗು ಮೊದಲು ಗುರುತಿಸುವ ಅನ್ಯಲೋಕದ ವ್ಯಕ್ತಿ ಹೀಗೆ ಅನ್ಯನೇ ಅಲ್ಲ. ಅವನನ್ನು ಕಂಡು ಬೆಚ್ಚಬೇಕಾಗಿಲ್ಲ. ಅವನ ಭಾಷೆ ಕಲಿಯಬೇಕಾಗಿಲ್ಲ. ಹಿರಿಯರಿಂದ ಅವನನ್ನು ಮುಚ್ಚಿಡಬೇಕಾಗಿಲ್ಲ. ಅವನನ್ನು ಪರಿಚಯಿಸಿದವರೇ ಹಿರಿಯರು.

'ಚಂದಮಾಮ'ದ ಒಡೆಯರೇ ವಿಜಯಾ ಸಂಸ್ಥೆಯ ಮೂಲಕ ನಿರ್ಮಿಸಿದ 'ಮಾಯಾಬಜಾರ್' (1957) ಚಿತ್ರವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. ಎಸ್.ವಿ. ರಂಗರಾವ್ ಅಭಿನಯಿಸಿದ ಘಟೋತ್ಕಚ ಆಕಾರದಲ್ಲಿ, ಶಕ್ತಿಯಲ್ಲಿ, ಊಟದಲ್ಲಿ, ಮಾತಿನ ರೀತಿಯಲ್ಲಿ ಮನುಷ್ಯರಿಗಿಂತ ಭಿನ್ನ. ಅವನ ಕಾಡು, ಅವನ ಪರಿವಾರ ಎಲ್ಲವೂ ಇನ್ನೊಂದು ಲೋಕ. ಆದರೆ ಕಥೆ ಮುಂದುವರಿಯುವುದು ಅವನು ಅಭಿಮನ್ಯುವಿಗೆ ಅಣ್ಣನಾಗಬೇಕು ಎಂಬ ಸಂಬಂಧ ತಿಳಿದ ಮೇಲೆ. ಎದುರಾಳಿಯಾಗಿ ನಿಂತವನು ಕ್ಷಣದಲ್ಲಿ ಮನೆಯವನಾಗುತ್ತಾನೆ. ನಂಟು ಗುರುತಿಸಲ್ಪಟ್ಟೊಡನೆ ಅನ್ಯತೆ ಕರಗಿಹೋಗುತ್ತದೆ. ಒಂದೇ ಆವರಣದಿಂದ ಹೊರಬಂದ ಪತ್ರಿಕೆ ಮತ್ತು ಚಿತ್ರ ಎರಡರಲ್ಲಿಯೂ ಈ ಆಶಯ ಕಾಣುವುದು ಆಕಸ್ಮಿಕವೆನಿಸುವುದಿಲ್ಲ.

ನಂಟಿಗೆ ಒಗ್ಗದ ಒಂದೇ ಪಾತ್ರ ಬೇತಾಳ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. ಶಂಕರ್ ಅವರ ಆ ಚಿತ್ರ ನೆನಪಿನಲ್ಲಿಲ್ಲದ ಓದುಗರು ವಿರಳ. ಸಂಸ್ಕೃತದ ಇಪ್ಪತ್ತೈದು ಕಥೆಗಳು ಮುಗಿದ ಮೇಲೆಯೂ ಪತ್ರಿಕೆ ದಶಕಗಟ್ಟಲೆ ಹೊಸ ಬೇತಾಳ ಕಥೆಗಳನ್ನು ಕಟ್ಟುತ್ತ ಬಂದಿತು. ಬೇತಾಳ ಬಂಧುವಲ್ಲ, ಗೆಳೆಯನೂ ಅಲ್ಲ, ಅವನು ಪ್ರಶ್ನೆ. ಉತ್ತರ ಹೇಳದಿದ್ದರೆ ತಲೆ ಒಡೆಯುತ್ತದೆ, ಹೇಳಿದರೆ ಮೌನ ಮುರಿದು ಅವನು ಮರಕ್ಕೆ ಮರಳುತ್ತಾನೆ. ಅನ್ಯಲೋಕದ ಜೀವಿಯೊಡನೆ ಇಷ್ಟು ನಿಕಟವಾದ, ಇಷ್ಟು ದೀರ್ಘವಾದ ಸಂವಾದ ನಮ್ಮ ಬಾಲಸಾಹಿತ್ಯದಲ್ಲಿ ಬೇರೊಂದಿಲ್ಲ. ಆದರೆ ಅದು ಇಬ್ಬರು ಸಮಾನರ ಸಂವಾದವಲ್ಲ. ಒಬ್ಬ ಹೊರುತ್ತಾನೆ, ಇನ್ನೊಬ್ಬ ಪರೀಕ್ಷಿಸುತ್ತಾನೆ. ಸ್ನೇಹಕ್ಕೆ ಬೇಕಾದ ಬಿಡುವು, ಆಟ, ಪರಸ್ಪರ ಕುತೂಹಲ ಇವುಗಳಿಗೆ ಅಲ್ಲಿ ಎಡೆಯಿಲ್ಲ.

3

ಮದರಾಸಿನಲ್ಲಿ ಬೇತಾಳ ಹೀಗೆ ಸುಳಿದಾಡುತ್ತಿದ್ದ ಕಾಲದಲ್ಲಿಯೇ ಕಲಕತ್ತೆಯಲ್ಲಿ ಬೇರೊಂದು ಬಗೆಯ ಜೀವಿ ಇಳಿಯಿತು. ಸತ್ಯಜಿತ್ ರಾಯ್ ತಮ್ಮ ಅಜ್ಜ ಉಪೇಂದ್ರಕಿಶೋರರು 1913ರಲ್ಲಿ ಆರಂಭಿಸಿದ್ದ 'ಸಂದೇಶ್' ಪತ್ರಿಕೆಯನ್ನು 1961ರಲ್ಲಿ ಮತ್ತೆ ಹೊರಡಿಸಿ, 1962ರಲ್ಲಿ ಅದರಲ್ಲಿ 'ಬಂಕುಬಾಬುರ್ ಬಂಧು' ಎಂಬ ಕಥೆಯನ್ನು ಪ್ರಕಟಿಸಿದರು. ಬಂಕುಬಾಬು ಹಳ್ಳಿಯ ಶಾಲೆಯ ಸಾಧು ಮೇಷ್ಟರು. ಊರಿನ ವಕೀಲರ ಮನೆಯ ಸಂಜೆಯ ಹರಟೆಕೂಟದಲ್ಲಿ ಎಲ್ಲರ ಗೇಲಿಗೂ ಗುರಿಯಾಗಿ ಅದನ್ನು ಸಹಿಸಿಕೊಂಡು ಬಂದವರು. ಒಂದು ರಾತ್ರಿ ಬಿದಿರು ಮೆಳೆಯ ದಾರಿಯಲ್ಲಿ ಕ್ರೇನಿಯಸ್ ಗ್ರಹದ ಆಂಗ್ ಎಂಬುವನು ಅವರಿಗೆ ಎದುರಾಗುತ್ತಾನೆ. ಪ್ಲೂಟೋಗೆ ಹೊರಟವನು ದಾರಿ ತಪ್ಪಿ ಇಲ್ಲಿಗೆ ಬಂದಿದ್ದಾನೆ. ಅವನು ಬಂಕುಬಾಬುವಿಗೆ ನಿಧಿಯನ್ನೂ ಕೊಡುವುದಿಲ್ಲ, ಮಂತ್ರವನ್ನೂ ಕೊಡುವುದಿಲ್ಲ. ಅವರು ಎಂದೂ ಕಾಣಲಾಗದ ಉತ್ತರಧ್ರುವವನ್ನು ಯಂತ್ರವೊಂದರ ಮೂಲಕ ತೋರಿಸುತ್ತಾನೆ. ಅವರ ಅತಿಯಾದ ಸಾಧುತನವೇ ಅವರ ದೋಷವೆಂದು ಹೇಳಿ ಹೊರಟುಹೋಗುತ್ತಾನೆ. ಮರುದಿನ ಬಂಕುಬಾಬು ಹರಟೆಕೂಟಕ್ಕೆ ಮರಳಿ ಎಲ್ಲರನ್ನೂ ತರಾಟೆಗೆ ತೆಗೆದುಕೊಂಡು, ಇನ್ನು ಬರುವುದಿಲ್ಲವೆಂದು ಹೇಳಿ ಹೊರಬೀಳುತ್ತಾರೆ.

ಈ ಕಥೆಯ ಹೆಸರಿನಲ್ಲಿರುವ 'ಬಂಧು' ಶಬ್ದ ಕನ್ನಡ ಓದುಗರನ್ನು ಒಂದು ಕ್ಷಣ ತಡೆಯುತ್ತದೆ. ಬಂಗಾಳಿಯಲ್ಲಿ ಬಂಧು ಎಂದರೆ ಗೆಳೆಯ. ಕನ್ನಡದ ಬಳಕೆಯಲ್ಲಿ ಬಂಧು ಎಂದರೆ ನೆಂಟ. ಗೆಳೆಯರನ್ನೂ ಸೇರಿಸಬೇಕಾದರೆ ನಾವು 'ಬಂಧುಮಿತ್ರರು' ಎಂದು ಎರಡು ಶಬ್ದಗಳನ್ನು ಜೋಡಿಸುತ್ತೇವೆ. ಸಂಸ್ಕೃತದ ಮೂಲಪದದಲ್ಲಿ ಎರಡು ಅರ್ಥಗಳಿಗೂ ಅವಕಾಶವಿತ್ತು. ಬಂಗಾಳಿ ಒಂದನ್ನು ಮುಂದೆ ಮಾಡಿತು, ಕನ್ನಡ ಇನ್ನೊಂದನ್ನು. ಶಬ್ದಾರ್ಥದ ಈ ಭೇದವನ್ನೇ ಎರಡು ಸಂಸ್ಕೃತಿಗಳ ಭೇದವೆಂದು ಹೇಳುವ ಆತುರ ಬೇಡ. ಆದರೆ ಹೆಸರನ್ನು ಕನ್ನಡಕ್ಕೆ ತರುವಾಗ 'ಬಂಕುಬಾಬುವಿನ ಬಂಧು' ಎಂದರೆ ಕಥೆಯೇ ತಲೆಕೆಳಗಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ರಾಯ್ ಅವರ ಕಥೆಯ ಬಲವಿರುವುದು ಆಂಗ್ ಯಾರಿಗೂ ಏನೂ ಆಗಬೇಕಾಗಿಲ್ಲ ಎಂಬಲ್ಲಿಯೇ. ಊರಿನವರೆಲ್ಲ ಬಂಕುಬಾಬುವಿಗೆ ಒಂದಲ್ಲ ಒಂದು ರೀತಿಯಲ್ಲಿ 'ಆಗಬೇಕಾದವರು'. ಅವರ ಅವಮಾನ ಹುಟ್ಟುವುದೂ ಆ ಸಲಿಗೆಯಿಂದಲೇ. ಯಾವ ಸಂಬಂಧವೂ ಇಲ್ಲದವನೊಬ್ಬ ಮಾತ್ರ ಅವರನ್ನು ಹೊಸದಾಗಿ ನೋಡಬಲ್ಲ.

1967ರಲ್ಲಿ ರಾಯ್ 'ದಿ ಏಲಿಯನ್' ಎಂಬ ಚಿತ್ರಕಥೆಯನ್ನು ಬರೆದರು. ಕೊಲಂಬಿಯಾ ಸಂಸ್ಥೆಯ ಆಸಕ್ತಿಯಿದ್ದೂ ಅದು ಚಿತ್ರವಾಗಲಿಲ್ಲ. ಬಂಗಾಳದ ಹಳ್ಳಿಯೊಂದರ ತಾವರೆಕೊಳದಲ್ಲಿ ಆಕಾಶನೌಕೆ ಮುಳುಗುತ್ತದೆ; ಅದರ ಶಿಖರ ನೀರಿನ ಮೇಲೆ ಕಾಣುತ್ತದೆ. ಊರಿನವರು ಅದನ್ನು ದೇವಾಲಯದ ಕಳಶವೆಂದು ಬಗೆದು ಪೂಜೆಗೆ ತೊಡಗುತ್ತಾರೆ. ವ್ಯಾಪಾರಿಯೊಬ್ಬನಿಗೆ ಅದರಲ್ಲಿ ಲಾಭ ಕಾಣುತ್ತದೆ. ಕೊಳವೆಬಾವಿ ಕೊರೆಯಲು ಬಂದ ಅಮೆರಿಕದ ಎಂಜಿನಿಯರನಿಗೆ ಅದೊಂದು ಸಮಸ್ಯೆ. ಹಬಾ ಎಂಬ ಬಡ ಹುಡುಗನೊಬ್ಬನಿಗೆ ಮಾತ್ರ ಅದು ಆಟದ ಜೊತೆಗಾರ. ಭಕ್ತಿ, ಲಾಭ, ತಂತ್ರಜ್ಞಾನ, ಆಟ ಎಂಬ ನಾಲ್ಕು ನಿಲುವುಗಳಲ್ಲಿ ನಾಲ್ಕನೆಯದನ್ನು ಮಗುವಿಗೆ ಕೊಟ್ಟು ರಾಯ್ ಈ ಸಂರಚನೆಯ ಪೂರ್ಣ ಸಾಧ್ಯತೆಯನ್ನು ತೋರಿಸಿದರು. 1982ರ 'ಇ.ಟಿ.' ಚಿತ್ರ ಬಂದಾಗ ಎರಡರ ಹೋಲಿಕೆಯ ಬಗ್ಗೆ ಎದ್ದ ವಿವಾದ ಸರ್ವವಿದಿತ. ಸ್ಪೀಲ್‌ಬರ್ಗ್ ಪ್ರಭಾವವನ್ನು ನಿರಾಕರಿಸಿದರು. ಋಣ ಯಾರದೆಂಬ ಆ ವಾದ ನಮ್ಮ ಚರ್ಚೆಗೆ ಅಷ್ಟು ಮುಖ್ಯವಲ್ಲ. ಎರಡು ಕಥೆಗಳಲ್ಲಿಯೂ ಒಂದು ಖಚಿತವಾದ ಊರು ಇದೆ ಎಂಬುದು ಮುಖ್ಯ. ಒಂದರಲ್ಲಿ ತಾವರೆಕೊಳ, ಇನ್ನೊಂದರಲ್ಲಿ ಅಮೆರಿಕದ ಹೊರವಲಯದ ಒಂದೇ ಬಗೆಯ ಮನೆಗಳ ಬೀದಿ. ಅನ್ಯನಾಗಿ ತೋರಬೇಕಾದರೆ ಅನ್ಯನಿಗೆ ಒಂದು ಊರು ಬೇಕು.

4

ಇಲ್ಲಿ ನಮ್ಮ ಮೂಲಪ್ರಶ್ನೆಗೆ ಉತ್ತರ ದೊರೆಯುತ್ತದೆ ಎಂದು ತೋರುತ್ತದೆ. 'ಚಂದಮಾಮ'ದ ಕಥೆ ಬಹುಪಾಲು ತೆಲುಗಿನಲ್ಲಿ ಸಿದ್ಧವಾಗಿ ಮದರಾಸಿನಲ್ಲಿಯೇ ಇತರ ಭಾಷೆಗಳಿಗೆ ಅನುವಾದಗೊಳ್ಳುತ್ತಿತ್ತು. ಚಿತ್ರ ಎಲ್ಲ ಭಾಷೆಗಳಿಗೂ ಒಂದೇ. ಅಕ್ಷರದ ಭಾಗ ಮಾತ್ರ ಬದಲಾಗುತ್ತಿತ್ತು. ತಮಿಳು ಕಲಾವಿದ ಬರೆದ ಬೇತಾಳ, ತೆಲುಗಿನಲ್ಲಿ ಹುಟ್ಟಿದ ವಾಕ್ಯ, ಅದನ್ನು ಕನ್ನಡದಲ್ಲಿ ಓದಿದ ಹಾವೇರಿಯ ಹುಡುಗಿ. ಈ ವ್ಯವಸ್ಥೆಯ ಸೌಂದರ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಇದಕ್ಕೊಂದು ಬೆಲೆಯಿತ್ತು. ಒಂದೇ ಚಿತ್ರ ಕನ್ನಡಕ್ಕೂ ಒಡಿಯಾಕ್ಕೂ ಮರಾಠಿಗೂ ಸಲ್ಲಬೇಕಾದರೆ ಅದರಲ್ಲಿ ಕಾಣುವ ಮನೆ, ಉಡುಗೆ, ಬೀದಿ ಯಾವ ಪ್ರದೇಶಕ್ಕೂ ಸೇರಿರಬಾರದು. ಹೀಗೆ ರೂಪುಗೊಂಡ ಊರು ಎಲ್ಲರದೂ ಹೌದು, ಯಾರದೂ ಅಲ್ಲ. ಪೇಟ ಸುತ್ತಿದ ಜಮೀನುದಾರ, ಸಂತೆಗೆ ಹೊರಟ ರೈತ, ಕಾಡಿನಂಚಿನ ಗುಡಿಸಲು. ಇಂಥ ನೆಲೆಯಿಲ್ಲದ ನೆಲದಲ್ಲಿ ಯಕ್ಷ ಬರಬಹುದು, ಬೇತಾಳ ಬರಬಹುದು, ಏಕೆಂದರೆ ಅವರೂ ಕಾಲದೇಶಗಳ ಕಟ್ಟಿಲ್ಲದವರು. ಪರಗ್ರಹದ ಹುಡುಗ ಬಂದರೆ ಅವನು ಎಲ್ಲಿ ಇಳಿಯಬೇಕು? ಯಾವ ಕೆರೆಯಲ್ಲಿ? ಯಾವ ತಾಲೂಕಿನಲ್ಲಿ?

'ಸಂದೇಶ್' ಒಂದೇ ಭಾಷೆಯ ಪತ್ರಿಕೆಯಾಗಿತ್ತು. ಅದರ ಲೇಖಕನಿಗೆ ಹಳ್ಳಿಗೆ ಹೆಸರಿಡುವ, ಹರಟೆಕೂಟದ ಮಾತಿನ ವರಸೆಯನ್ನು ಹಿಡಿಯುವ ಸ್ವಾತಂತ್ರ್ಯವಿತ್ತು. ಮದರಾಸಿನ ಬಹುಭಾಷಾ ಪತ್ರಿಕೆಗೆ ಅದು ಇರಲಿಲ್ಲ. ಆದುದರಿಂದ ಅನ್ಯಲೋಕದ ಗೆಳೆಯನ ಗೈರುಹಾಜರಿಯನ್ನು ಸಂಪಾದಕರ ಸಂಪ್ರದಾಯನಿಷ್ಠೆಯೆಂದು ವಿವರಿಸುವುದಕ್ಕಿಂತ ಮುದ್ರಣದ ಅರ್ಥವ್ಯವಸ್ಥೆಯಿಂದ ವಿವರಿಸುವುದು ಹೆಚ್ಚು ಯುಕ್ತ. ಕುಟುಂಬರಾವ್ ಸ್ವತಃ ವಿಜ್ಞಾನವನ್ನು ಕುರಿತು ಬರೆದ, ವೈಚಾರಿಕ ಮನೋಭಾವದ ಲೇಖಕರಾಗಿದ್ದರು ಎಂಬುದು ಈ ವಾದಕ್ಕೆ ಬೆಂಬಲವಾಗುತ್ತದೆ.

ಕನ್ನಡಕ್ಕೆ ಹೊರಗಿನಿಂದ ಬಂದ ಇತರ ಚಿತ್ರಕಥೆಗಳೂ ಈ ಕೊರತೆಯನ್ನು ತುಂಬಲಿಲ್ಲ. ಅಮರ ಚಿತ್ರಕಥೆಯ ಪೂರ್ವರೂಪ ಬೆಂಗಳೂರಿನಲ್ಲಿ ಕನ್ನಡದಲ್ಲಿ ಬಂದಿತ್ತು ಎಂಬುದು ಈಗ ಚೆನ್ನಾಗಿ ತಿಳಿದಿರುವ ಸಂಗತಿ. ಆದರೆ ಅವು ಪಾಶ್ಚಾತ್ಯ ಕಿನ್ನರಕಥೆಗಳ ಅನುವಾದಗಳಾಗಿದ್ದವು. ಮಲೆಯಾಳದ 'ಬಾಲಮಂಗಳಂ' ಪತ್ರಿಕೆಯಲ್ಲಿ 1983ರಲ್ಲಿ ಹುಟ್ಟಿದ ಡಿಂಕನ್ ಕನ್ನಡದ 'ಬಾಲಮಂಗಳ'ದಲ್ಲಿ ಡಿಂಗನಾಗಿ ನಮ್ಮ ಮಕ್ಕಳ ಅಚ್ಚುಮೆಚ್ಚಿನ ನಾಯಕನಾದ. ಈ ಇಲಿಯ ಹುಟ್ಟುಕಥೆಯಲ್ಲಿ ಪರಗ್ರಹದವರು ಇದ್ದಾರೆ. ತುಂಟ ಇಲಿಯೊಂದನ್ನು ಅವರು ಎತ್ತಿಕೊಂಡುಹೋಗಿ, ಪ್ರಯೋಗಗಳನ್ನು ನಡೆಸಿ, ಅದ್ಭುತ ಶಕ್ತಿಯೊಡನೆ ಹಿಂದಕ್ಕೆ ಕಳುಹಿಸುತ್ತಾರೆ. ಕನ್ನಡದ ಮಕ್ಕಳ ಚಿತ್ರಕಥೆಯಲ್ಲಿ ಪರಗ್ರಹದವರ ಅತ್ಯಂತ ಜನಪ್ರಿಯ ಪ್ರವೇಶ ಇದೇ ಇರಬೇಕು. ಆದರೆ ಅವರು ಶಕ್ತಿಯನ್ನು ಕೊಟ್ಟು ಮರೆಯಾಗುವ ದಾತೃಗಳು. ಡಿಂಗನಿಗೆ ಅವರ ಮುಖಗಳು ನೆನಪಾಗುವುದಿಲ್ಲ, ಓದುಗರಿಗೂ ಇಲ್ಲ. ವರ ಕೊಟ್ಟು ಅಂತರ್ಧಾನವಾಗುವ ದೇವತೆಯ ಸ್ಥಾನದಲ್ಲಿ ಆಕಾಶನೌಕೆ ಬಂದಿದೆ, ಅಷ್ಟೆ.

5

ತಮಿಳಿನ ಸಂದರ್ಭದಲ್ಲಿ ಈ ಸಂರಚನೆ ಬೇರೆ ರೀತಿಯಲ್ಲಿ ಬೆಳೆಯಿತು. ಎ. ಕಾಶಿಲಿಂಗಂ ನಿರ್ದೇಶಿಸಿ, ಎಂ.ಜಿ. ರಾಮಚಂದ್ರನ್ ಮತ್ತು ಪಿ. ಭಾನುಮತಿ ಅಭಿನಯಿಸಿದ 'ಕಲೈ ಅರಸಿ' (1963) ಅನ್ಯಗ್ರಹದವರನ್ನು ತೆರೆಗೆ ತಂದ ಮೊದಲ ಭಾರತೀಯ ಚಿತ್ರಗಳಲ್ಲಿ ಒಂದು. ವಿಜ್ಞಾನದಲ್ಲಿ ಮುಂದಿದ್ದೂ ಸಂಗೀತದಲ್ಲಿ ಹಿಂದುಳಿದ ಗ್ರಹವೊಂದರಿಂದ ಬಂದವರು ಭೂಮಿಯ ಗಾಯಕಿಯೊಬ್ಬಳನ್ನು ಅಪಹರಿಸಿಕೊಂಡುಹೋಗುತ್ತಾರೆ. ಯಂತ್ರವುಳ್ಳವರು ಕಲೆಯುಳ್ಳವರ ಬಳಿಗೆ ಬೇಡಲು ಬರಬೇಕಾಗುತ್ತದೆ. ವಸಾಹತುಶಾಹಿಯ ಅನುಭವವನ್ನು ಇಷ್ಟು ಸರಳವಾಗಿ, ಇಷ್ಟು ವಿನೋದವಾಗಿ ಮಗುಚಿಹಾಕಿದ ಜನಪ್ರಿಯ ಕೃತಿ ಆ ಕಾಲದಲ್ಲಿ ಅಪರೂಪ. ಆದರೆ ಬೇಡುವ ಬದಲು ಅವರು ಕದಿಯುತ್ತಾರೆ. ಸ್ನೇಹದ ಸಾಧ್ಯತೆ ಅಲ್ಲಿಗೆ ಮುಗಿಯುತ್ತದೆ.

ಮನುಷ್ಯೇತರ ಗೆಳೆಯನೊಬ್ಬನನ್ನು ತಮಿಳು ಓದುಗರ ಮನೆಮಾತಾಗಿಸಿದವರು ಸುಜಾತಾ ಎಂಬ ಕಾವ್ಯನಾಮದ ಎಸ್. ರಂಗರಾಜನ್ (1935–2008). 'ಎನ್ ಇನಿಯ ಇಯಂದಿರಾ' ಎಂಬ ಅವರ ಕಾದಂಬರಿ 'ಆನಂದ ವಿಕಟನ್' ವಾರಪತ್ರಿಕೆಯಲ್ಲಿ ಚಿತ್ರಗಳೊಡನೆ ಧಾರಾವಾಹಿಯಾಗಿ ಬಂದಿತು. ಅದರ ಜೀನೋ ಎಂಬ ಯಂತ್ರನಾಯಿ ನಾಯಕಿಗೆ ಸಂಗಾತಿಯಾಗಿ ಬೆಳೆಯುತ್ತದೆ. ಸುಜಾತಾ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಬಹುಕಾಲ ಎಂಜಿನಿಯರರಾಗಿದ್ದವರು. ಕನ್ನಡದ ಮಕ್ಕಳ ಬೇತಾಳ ಮದರಾಸಿನಲ್ಲಿ ರೂಪುಗೊಳ್ಳುತ್ತಿದ್ದಾಗ, ತಮಿಳರ ಯಂತ್ರನಾಯಿಯ ಹಿಂದೆ ಬೆಂಗಳೂರಿನ ವೃತ್ತಿಜೀವನವೊಂದಿತ್ತು! ಎರಡು ಭಾಷೆಗಳು ಒಂದರ ಕಲ್ಪನೆಗೆ ಇನ್ನೊಂದು ನೆಲವಾದ ಈ ಇತಿಹಾಸವನ್ನು ನಮ್ಮ ಸಾಹಿತ್ಯಚರಿತ್ರೆಗಳು ಗಮನಿಸಿಲ್ಲ.

2003ರ ಹಿಂದಿ ಚಿತ್ರ 'ಕೋಯಿ... ಮಿಲ್ ಗಯಾ'ದಲ್ಲಿ ಗೆಳೆಯನೇನೋ ಬಂದ. ಆದರೆ ಓಂಕಾರದ ನಾದಕ್ಕೆ ಓಗೊಟ್ಟು ಬರುವ ನೀಲವರ್ಣದ ಆ ಜೀವಿ, ಬುದ್ಧಿ ಬೆಳೆಯದ ಯುವಕನಿಗೆ ಬುದ್ಧಿಯನ್ನೂ ಬಲವನ್ನೂ ದಯಪಾಲಿಸುವಾಗ ಗೆಳೆಯನ ಸ್ಥಾನವನ್ನು ಬಿಟ್ಟು ದೇವರ ಸ್ಥಾನಕ್ಕೆ ಏರುತ್ತಾನೆ. ಆಂಗ್ ಕೊಟ್ಟದ್ದು ತನ್ನನ್ನು ತಾನು ನೋಡಿಕೊಳ್ಳುವ ಧೈರ್ಯ. ಇಲ್ಲಿ ದೊರೆತದ್ದು ವರ. ಈ ಎರಡು ದಾನಗಳ ಅಂತರವೇ ಸ್ನೇಹಕ್ಕೂ ಭಕ್ತಿಗೂ ಇರುವ ಅಂತರ.

2024ರ ಜನವರಿಯಲ್ಲಿ ತೆರೆಕಂಡ ಆರ್. ರವಿಕುಮಾರ್ ಅವರ 'ಅಯಲಾನ್' ಈ ಸಾಲಿನಲ್ಲಿ ಹೆಚ್ಚು ಚರ್ಚೆಗೆ ಅರ್ಹ. ಹಳ್ಳಿಯ ರೈತ ಯುವಕನೊಬ್ಬ ಬದುಕು ಅರಸಿ ಚೆನ್ನೈಗೆ ಬರುತ್ತಾನೆ. ಭೂಗರ್ಭವನ್ನು ಅಪಾಯಕಾರಿಯಾಗಿ ಕೊರೆಯಲು ಉದ್ಯಮಿಯೊಬ್ಬ ಬಳಸುತ್ತಿರುವ ಆಕಾಶಶಿಲೆಯನ್ನು ಮರಳಿ ಪಡೆಯಲು ಅನ್ಯಗ್ರಹದವನೂ ಅದೇ ನಗರಕ್ಕೆ ಬರುತ್ತಾನೆ. ತಮಿಳಿನಲ್ಲಿ 'ಅಯಲ್' ಎಂದರೆ ಪಕ್ಕ, ನೆರೆ. ಹೊರಗು ಎಂದೂ ಅರ್ಥ. ಅಯಲಾನ್ ಎಂದರೆ ನೆರೆಯವನೂ ಹೌದು, ಪರಕೀಯನೂ ಹೌದು. ಇಂಗ್ಲಿಷಿನ ಏಲಿಯನ್ ಶಬ್ದದ ದನಿಯೂ ಅದರಲ್ಲಿ ಕೇಳಿಸುತ್ತದೆ. ನಗರದಲ್ಲಿ ಯುವಕನೂ ಅಯಲಾನ್, ಅವನ ಗೆಳೆಯನೂ ಅಯಲಾನ್. ಈ ಹೊಳಹನ್ನು ಚಿತ್ರ ಕೊನೆಯವರೆಗೂ ಕೊಂಡೊಯ್ಯಲಿಲ್ಲ. ನಾಯಕನಟನ ಭಾರದ ಕೆಳಗೆ ಗೆಳೆಯ ಮೆಲ್ಲಗೆ ವಿದೂಷಕನಾಗಿಬಿಡುತ್ತಾನೆ. ಆದರೆ ಹೆಸರಿನ ಮಟ್ಟಿಗಾದರೂ ಅದು ಮಾಮ ಮತ್ತು ಬಂಧು ಎರಡನ್ನೂ ದಾಟಿದೆ. ನೆರೆಯವನು ನೆಂಟನಾಗಬೇಕಾಗಿಲ್ಲ, ಗೆಳೆಯನೇ ಆಗಬೇಕೆಂದೂ ಇಲ್ಲ. ಅವನ ಬದುಕು ನಮ್ಮ ಬದುಕಿಗೆ ಅಂಟಿಕೊಂಡಿದೆ ಎಂಬುದಷ್ಟೇ ಅವನ ಹಕ್ಕು.

6

ಈ ಮೂರು ಶಬ್ದಗಳ ವಿಚಾರ ಬರಿಯ ಶಬ್ದವಿಲಾಸವಲ್ಲವೆಂಬುದನ್ನು ಹೊರನಾಡಿನ ಕನ್ನಡಿಗರು ಬೇಗ ಒಪ್ಪಿಯಾರು. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಹಿನ್ನೆಲೆಯಲ್ಲಿ ಬೆಂಗಳೂರಿನಲ್ಲಿಯೂ ಇತರೆಡೆಗಳಲ್ಲಿಯೂ ತಮಿಳರ ಮೇಲೆ ಹಿಂಸಾಚಾರ ನಡೆಯಿತು; ಅದರ ಪ್ರತಿಧ್ವನಿ ತಮಿಳುನಾಡಿನಲ್ಲಿಯೂ ಕೇಳಿಬಂದಿತು. ಒಂದೇ ಬೇತಾಳನ ಚಿತ್ರ ನೋಡಿ ಬೆಳೆದವರು ಎರಡು ಕಡೆಯಲ್ಲಿಯೂ ಇದ್ದರು. 'ಚಂದಮಾಮ'ದ ಊರಿಲ್ಲದ ಊರು ಎರಡೂ ಭಾಷೆಯ ಮಕ್ಕಳಿಗೆ ಸಮಾನವಾದ ಬಾಲ್ಯವನ್ನು ಕೊಟ್ಟಿತ್ತು, ನಿಜ. ಆದರೆ ಆ ಮಕ್ಕಳು ಒಬ್ಬರನ್ನೊಬ್ಬರು ಅಲ್ಲಿ ಕಂಡಿರಲಿಲ್ಲ. ಕನ್ನಡದ ಆವೃತ್ತಿಯಲ್ಲಿ ಕಥೆ ಕನ್ನಡದ್ದು, ತಮಿಳಿನಲ್ಲಿ ತಮಿಳಿನದು. ಪಕ್ಕದ ಮನೆಯ ಭಾಷೆ ಬೇರೆ, ಊಟ ಬೇರೆ, ಆದರೂ ಅವನೊಡನೆ ಆಡಬೇಕು ಎಂಬ ಅರಿವನ್ನು ಆ ಪುಟಗಳು ಕೊಡುವಂತಿರಲಿಲ್ಲ. ಏಕೆಂದರೆ ಅಲ್ಲಿ ನೆರೆಯವನೇ ಇರಲಿಲ್ಲ, ಇದ್ದವರೆಲ್ಲ ಮಾಮಂದಿರು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಬಂಧುತ್ವದ ಭಾಷೆಯೇ ನಮ್ಮ ನೆಲದ ಔದಾರ್ಯವಲ್ಲವೇ? ಅಪರಿಚಿತರನ್ನು ಅಣ್ಣ, ಅಕ್ಕ, ಮಾಮ ಎಂದು ಕರೆಯುವ ಸಮಾಜಕ್ಕೆ ಪಶ್ಚಿಮದ 'ಅನ್ಯ'ನ ಪಾಠವೇಕೆ? ಆಕ್ಷೇಪದಲ್ಲಿ ಹುರುಳಿದೆ. ಘಟೋತ್ಕಚ ಅಣ್ಣನಾಗುವ ಕ್ಷಣದ ಸಂತೋಷವನ್ನು ಯಾವ ವಿಮರ್ಶೆಯೂ ಕಿತ್ತುಕೊಳ್ಳಲಾರದು. ಆದರೆ ನಂಟು ಹೇಳಿಕೊಳ್ಳಲಾಗದವರ ಗತಿಯೇನು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಮಾಮ ಎಂದು ಕರೆಸಿಕೊಳ್ಳಲು ಒಪ್ಪದ, ತನ್ನ ಭಿನ್ನತೆಯನ್ನು ಬಿಟ್ಟುಕೊಡದ ನೆರೆಯವನೊಡನೆ ಬಾಳುವ ಕಲೆಯನ್ನು ಮಗು ಎಲ್ಲಿ ಕಲಿಯಬೇಕು? ಹದಿಹರೆಯದ ಪಾತ್ರ ಇಲ್ಲಿಯೇ ಅಗತ್ಯವಾಗುತ್ತದೆ. ಚಿಕ್ಕ ಮಗುವಿಗೆ ಎಲ್ಲರೂ ತನ್ನವರು. ದೊಡ್ಡವರಿಗೆ ಯಾರು ತಮ್ಮವರೆಂಬುದು ಮೊದಲೇ ನಿರ್ಧಾರವಾಗಿರುತ್ತದೆ. ಮನೆಯವರು ಕೊಟ್ಟ ನಂಟುಗಳಾಚೆ ತಾನೇ ಒಬ್ಬನನ್ನು ಆರಿಸಿಕೊಳ್ಳುವ ವಯಸ್ಸು ಹದಿಹರೆಯ. ಮೇಲೆ ಹೇಳಿದ ಭಾರತೀಯ ಕೃತಿಗಳಲ್ಲಿ ನಾಯಕ ಒಂದೋ ಎಳೆಯ ಮಗು, ಅಲ್ಲವೇ ಮಗುವಿನಂಥ ಪ್ರೌಢ. ಬಂಕುಬಾಬು, ಹಬಾ, ಮುಂದಿನ ಚಿತ್ರಗಳ ನಾಯಕರು ಎಲ್ಲರಲ್ಲಿಯೂ ಮುಗ್ಧತೆಯೇ ಅರ್ಹತೆ. ಮುಗ್ಧನಲ್ಲದ, ಅನುಮಾನಿಸುವ, ಜಗಳವಾಡುವ ಹದಿನೈದರ ಹುಡುಗಿಯೊಬ್ಬಳು ಅರಿತೇ ಅನ್ಯನನ್ನು ಆರಿಸಿಕೊಳ್ಳುವ ಚಿತ್ರಕಥೆ ನಮಗೆ ಇನ್ನೂ ಬೇಕಾಗಿದೆ.

ಚಲನಚಿತ್ರಕ್ಕೆ ಹಣದ ಅಡ್ಡಿಯಿದೆ. ಚಿತ್ರಕಥೆಗೆ ಅದೂ ಇಲ್ಲ. ಕಾಗದದ ಮೇಲೆ ಹುಡುಗಿಯನ್ನು ಬರೆಯಲು ಬೇಕಾಗುವಷ್ಟೇ ಮಸಿ ಅನ್ಯಲೋಕದವನನ್ನು ಬರೆಯಲೂ ಸಾಕು. ಬೇಕಾಗಿರುವುದು ಅವನು ಇಳಿಯಲು ಒಂದು ಖಚಿತವಾದ ಊರು. ಅದು ಕೊಳ್ಳೇಗಾಲವಾಗಬಹುದು, ಕಾಸರಗೋಡಾಗಬಹುದು, ಚೆನ್ನೈಯ ಕನ್ನಡ ಮನೆಯೊಂದರ ಮಹಡಿಯೂ ಆಗಬಹುದು. ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಭಾಷೆಯಾಡುವ ಅಲ್ಲಿಯ ಮಗುವಿಗೆ ನಾಲ್ಕನೆಯ ಭಾಷೆಯವನನ್ನು ಬರಮಾಡಿಕೊಳ್ಳುವುದು ಹೊಸದೇನಲ್ಲ.

7

ಕೊನೆಯದಾಗಿ, ಸಂಶೋಧಕರ ಗಮನಕ್ಕೆ ಒಂದು ಮಾತು. ಮದರಾಸು ಕನ್ನಡಕ್ಕೆ ಏನು ಮಾಡಿತು ಎಂದು ಕೇಳಿದರೆ ನಾವು ಮದರಾಸು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗವನ್ನೂ, ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಕಿಟ್ಟೆಲ್ ನಿಘಂಟನ್ನೂ ಹೆಮ್ಮೆಯಿಂದ ನೆನೆಯುತ್ತೇವೆ. ಅದು ಸರಿಯೇ. ಆದರೆ ಆ ನಿಘಂಟು ಪ್ರಕಟವಾಗುತ್ತಿದ್ದ ಕಾಲದಲ್ಲಿಯೇ ಅದೇ ನಗರದ ಇನ್ನೊಂದು ಮೂಲೆಯಿಂದ ತಿಂಗಳು ತಿಂಗಳೂ ಹೊರಡುತ್ತಿದ್ದ ಕನ್ನಡ ಗದ್ಯವನ್ನು ನಾವು ಅಧ್ಯಯನಕ್ಕೆ ಎತ್ತಿಕೊಂಡಿಲ್ಲ. ಅನುವಾದಕರ ಹೆಸರು ಸಾಮಾನ್ಯವಾಗಿ ಪುಟದಲ್ಲಿ ಇರುತ್ತಿರಲಿಲ್ಲ. ಆ ಗದ್ಯದ ವಾಕ್ಯಗತಿ, ತೆಲುಗಿನ ನೆರಳು, ಮೈಸೂರು ಮತ್ತು ಧಾರವಾಡದ ಓದುಗರಿಬ್ಬರಿಗೂ ಸಲ್ಲುವಂತೆ ಆರಿಸಿದ ಪದಗಳು ಇವೆಲ್ಲ ಗಂಭೀರ ಸಂಶೋಧನೆಯ ವಸ್ತುಗಳು. ಹೊರನಾಡಿನ ಸಂಶೋಧಕರಿಗೆ, ವಿಶೇಷವಾಗಿ ತೆಲುಗು ತಮಿಳುಗಳನ್ನು ಬಲ್ಲವರಿಗೆ, ಈ ಕೆಲಸ ಒಳನಾಡಿನವರಿಗಿಂತ ಸುಲಭಸಾಧ್ಯ.

ವಿಳಂಬಕ್ಕೆ ಮಾತ್ರ ಅವಕಾಶವಿಲ್ಲ. ಪತ್ರಿಕೆ 1998ರಲ್ಲಿ ನಿಂತು, 1999ರಲ್ಲಿ ಮರುಹುಟ್ಟು ಪಡೆದು, 2007ರಲ್ಲಿ ಮುಂಬಯಿಯ ಸಂಸ್ಥೆಯೊಂದರ ಕೈಸೇರಿ, 2013ರ ಹೊತ್ತಿಗೆ ಪೂರ್ಣವಾಗಿ ನಿಂತುಹೋಯಿತು. ಕೆಲಕಾಲ ಹಳೆಯ ಸಂಚಿಕೆಗಳು ಅಂತರಜಾಲದಲ್ಲಿ ದೊರೆಯುತ್ತಿದ್ದವು. ಸಂಸ್ಥೆಯ ಆ ತಾಣವೂ ಮರೆಯಾಯಿತು. ತಮಿಳು ಮುದ್ರಣ ಸಂಸ್ಕೃತಿಗೆ ಚೆನ್ನೈಯಲ್ಲಿ ರೋಜಾ ಮುತ್ತಯ್ಯ ಸಂಶೋಧನ ಗ್ರಂಥಾಲಯದಂತಹ ಆಸರೆಯಿದೆ. ಮದರಾಸಿನಲ್ಲಿ ಅಚ್ಚಾದ ಕನ್ನಡಕ್ಕೆ ಅಂಥದೊಂದು ಮನೆ ಬೇಕು. ಅದು ಆಗುವವರೆಗೆ, 1954ರ ಗ್ರಂಥಗಳ ಸಲ್ಲಿಕೆ ಕಾಯಿದೆಯ ಮೇರೆಗೆ ಪ್ರಕಟಣೆಗಳನ್ನು ಪಡೆಯುವ ಕನ್ನೆಮರಾ ಗ್ರಂಥಾಲಯದ ಕಪಾಟುಗಳಿಂದ ಹುಡುಕಾಟವನ್ನು ಆರಂಭಿಸಬಹುದು.

2009ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯೂ ಚೆನ್ನೈಯ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡವು. ನೆರೆಯವರು ಪರಸ್ಪರ ಗೌರವ ಸಲ್ಲಿಸಿದ ಆ ಘಟನೆ ಮಹತ್ವದ್ದೇ. ಆದರೆ ಪ್ರತಿಮೆಗಳು ಹಿರಿಯರ ಒಪ್ಪಂದ. ಮಕ್ಕಳು ಅವುಗಳ ನೆರಳಿನಲ್ಲಿ ಆಡಬಹುದು, ಅವುಗಳೊಡನೆ ಆಡಲಾರರು. ಅವರಿಗೆ ಬೇಕಾದ ಗೆಳೆಯ ಇನ್ನೂ ಆಕಾಶದಿಂದ ಇಳಿದಿಲ್ಲ.